ಎಷ್ಟು ಮಕ್ಕಳು ಎಂದು ಕೇಳಿ ಪ್ರಶಸ್ತಿ ಕೊಡಬೇಡಿ

ಮಕ್ಕಳಿಗೆ ದತ್ತು ಕುಟುಂಬ ಹುಡುಕಿಕೊಡುವವರನ್ನು ಗೌರವಿಸಬೇಕು ಎನ್ನುವುದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರು ಆ ಗೌರವಕ್ಕೆ ಜನರನ್ನು ಆರಿಸುವ ರೀತಿಯ ಬಗ್ಗೆ. ಇಂಥ ಸಮಾರಂಭಗಳ ಆಹ್ವಾನ ಪತ್ರಿಕೆ ತೆರೆದರೆ ‘ಇಷ್ಟು ನೂರು ಮಕ್ಕಳಿಗೆ ಮನೆ ಕೊಡಿಸಿದವರು’ ಎಂಬ ಪರಿಚಯ ಇದ್ದೇ ಇರುತ್ತದೆ, ಪಕ್ಕದಲ್ಲಿ ಮಗುವನ್ನು ಎತ್ತಿಕೊಂಡು ನಗುವ ಫೋಟೋ. ಆ ಸಂಖ್ಯೆ ಕಂಡೊಡನೆ ಚಪ್ಪಾಳೆ ತಟ್ಟಲು ನನಗೆ ಕೈ ಬರುವುದಿಲ್ಲ. ಅದಕ್ಕೆ ಕಾರಣ ಮೆಂಫಿಸ್.

ಅಮೆರಿಕದ ಟೆನೆಸಿ ರಾಜ್ಯದ ಈ ನಗರದಲ್ಲಿ ಜಾರ್ಜಿಯಾ ಟ್ಯಾನ್ ಎಂಬಾಕೆ 1920ರ ದಶಕದಿಂದ 1950ರವರೆಗೆ ಮಕ್ಕಳ ಆಶ್ರಯ ಸಂಸ್ಥೆಯೊಂದನ್ನು ನಡೆಸಿದಳು. ಆಕೆಯ ಕೈಯಿಂದ ಸಾವಿರಾರು ಮಕ್ಕಳು ದತ್ತು ಹೋದರು. ಕ್ರಿಸ್‌ಮಸ್ ಹೊತ್ತಿಗೆ ಪತ್ರಿಕೆಯಲ್ಲಿ ಮುದ್ದಾದ ಮಕ್ಕಳ ಚಿತ್ರಗಳು ಅಚ್ಚಾಗುತ್ತಿದ್ದವು. ಹಾಲಿವುಡ್ ತಾರೆಯರೂ ಆಕೆಯಿಂದ ಮಕ್ಕಳನ್ನು ಪಡೆದರು. ದತ್ತು ಎಂದರೆ ಆಕೆಯನ್ನೇ ಕೇಳಬೇಕು ಎನ್ನುವಷ್ಟು ಹೆಸರಿತ್ತು. ಒಳಗೆ ನಡೆಯುತ್ತಿದ್ದುದೇ ಬೇರೆ. ಬಡ ತಾಯಂದಿರನ್ನು ವಂಚಿಸಿ, ಕೆಲವೊಮ್ಮೆ ನೇರವಾಗಿ ಕದ್ದು ತಂದ ಮಕ್ಕಳ ದಾಖಲೆ ತಿದ್ದಿ, ದೂರದ ರಾಜ್ಯಗಳ ಸಿರಿವಂತರಿಂದ ದುಡ್ಡು ಸುಲಿದು ಕೊಡಲಾಗುತ್ತಿತ್ತು. ಆರೈಕೆಯಿಲ್ಲದೆ ಸತ್ತ ಕೂಸುಗಳೂ ಇದ್ದವು. 1950ರ ಸೆಪ್ಟೆಂಬರಿನಲ್ಲಿ ಸರ್ಕಾರ ತನಿಖೆ ಘೋಷಿಸಿದ ಕೆಲವೇ ದಿನಗಳಲ್ಲಿ ಆಕೆ ಕ್ಯಾನ್ಸರ್‌ನಿಂದ ತೀರಿಕೊಂಡಳು. ಒಂದು ದಿನವೂ ಕಟಕಟೆ ಹತ್ತಲಿಲ್ಲ.

ಅದು ಒಬ್ಬ ದುಷ್ಟೆಯ ಕಥೆ ಎಂದು ಕೈತೊಳೆದುಕೊಳ್ಳಬಹುದು. ಆದರೆ ದಕ್ಷಿಣ ಕೊರಿಯಾದ ವಿಷಯದಲ್ಲಿ ಹಾಗೆ ಹೇಳಲಾಗದು. 1950ರ ದಶಕದ ಕೊರಿಯಾ ಯುದ್ಧದ ನಂತರದ ದಶಕಗಳಲ್ಲಿ ಅಲ್ಲಿಂದ 1,40,000ಕ್ಕೂ ಹೆಚ್ಚು ಮಕ್ಕಳು ಹೊರದೇಶಗಳಿಗೆ ದತ್ತು ಹೋದರು. ಆ ಕೆಲಸ ಮಾಡಿದವರಲ್ಲಿ ನಿಜಕ್ಕೂ ಕರುಳು ಮಿಡಿದವರಿದ್ದರು, ಅವರಿಗೆ ಬಿರುದುಗಳೂ ಬಂದವು. 2025ರ ಮಾರ್ಚಿನಲ್ಲಿ ಆ ದೇಶದ ಸತ್ಯಶೋಧನಾ ಆಯೋಗವೇ ಹೊರಗೆಡವಿದ ಸಂಗತಿಗಳು ಹೀಗಿವೆ: ತಂದೆತಾಯಿ ಬದುಕಿದ್ದ ಮಕ್ಕಳನ್ನು ಅನಾಥರೆಂದು ಬರೆಯಲಾಗಿತ್ತು, ಒಂದು ಮಗುವಿನ ಗುರುತನ್ನು ಇನ್ನೊಂದಕ್ಕೆ ಅಂಟಿಸಲಾಗಿತ್ತು, ಸರ್ಕಾರ ಕಣ್ಣುಮುಚ್ಚಿ ಕೂತಿತ್ತು. ಈಗ ನಡುವಯಸ್ಸು ದಾಟಿದ ಆ ಮಕ್ಕಳು ತಮ್ಮ ಕಡತ ಹಿಡಿದು ಹೆತ್ತವರನ್ನು ಹುಡುಕುತ್ತಿದ್ದಾರೆ. ಕಡತದಲ್ಲಿರುವುದು ಇನ್ಯಾರದೋ ಕಥೆ.

ಹಾಗಾದರೆ ಗೌರವ ಯಾರಿಗೆ ಸಲ್ಲಬೇಕು? ದತ್ತು ಸಂಸ್ಥೆಯಲ್ಲಿ ಬಹುಕಾಲ ದುಡಿದ ಪರಿಚಿತರೊಬ್ಬರು ಒಮ್ಮೆ ತಾವು ಸಿದ್ಧಪಡಿಸುವ ಕಡತ ಹೇಗಿರುತ್ತದೆ ಎಂದು ಹೆಸರುಗಳನ್ನು ಮುಚ್ಚಿ ತೋರಿಸಿದರು. ಕಾನೂನಿಗೆ ಬೇಕಾದ ಕಾಗದಗಳೆಲ್ಲ ಮುಂದಿದ್ದವು. ಹಿಂದೆ, ಯಾವ ನಿಯಮವೂ ಕೇಳದ ನಾಲ್ಕೈದು ಹಾಳೆ. ಮಗು ಸಿಕ್ಕಿದಾಗ ಸುತ್ತಿದ್ದ ಬಟ್ಟೆಯ ಬಣ್ಣ, ಅದರ ಒಂದು ತುಂಡನ್ನು ಎಲ್ಲಿ ಇಟ್ಟಿದ್ದೇವೆ ಎಂಬ ಟಿಪ್ಪಣಿ, ಮೊದಲು ಎತ್ತಿಕೊಂಡವರು ಯಾರು, ಅಂದು ಮಳೆ ಇತ್ತೇ, ಯಾವ ಹಾಡಿಗೆ ನಿದ್ದೆ ಬರುತ್ತಿತ್ತು. ‘ಇದನ್ನೆಲ್ಲ ಯಾರು ಓದುತ್ತಾರೆ ಮೇಡಂ?’ ಎಂದು ಕೇಳಿದೆ. ‘ನ್ಯಾಯಾಧೀಶರು ಓದುವುದಿಲ್ಲ. ಈ ಹುಡುಗಿ ಓದುತ್ತಾಳೆ, ಹದಿನೆಂಟಕ್ಕೋ ಇಪ್ಪತ್ತಕ್ಕೋ. ಅಷ್ಟು ಹೊತ್ತಿಗೆ ನಾನು ನಿವೃತ್ತಳಾಗಿರುತ್ತೇನೆ, ಕೇಳಲು ಬೇರೆ ಯಾರೂ ಸಿಗುವುದಿಲ್ಲ’ ಎಂದರು. ಅವರಿಗೆ ಯಾವ ವೇದಿಕೆಯಲ್ಲೂ ಫಲಕ ಸಿಕ್ಕಿದ್ದು ನನಗೆ ಗೊತ್ತಿಲ್ಲ. ವರ್ಷಕ್ಕೆ ಅವರು ಮುಗಿಸುವ ಕಡತಗಳು ಕಡಿಮೆ ಎಂಬ ಗೊಣಗಾಟ ಮಾತ್ರ ಕಚೇರಿಯಲ್ಲಿತ್ತು.

ಕೂಸುಗಳಿಗೆ ಮನೆ ಹುಡುಕಲು ದೊಡ್ಡ ಸಾಹಸ ಬೇಕಾಗಿಲ್ಲ. ಎಷ್ಟೋ ದೇಶಗಳಲ್ಲಿ ಕೂಸಿಗಾಗಿ ಕಾಯುವ ದಂಪತಿಗಳ ಸಾಲೇ ಉದ್ದ. ಕಷ್ಟವಿರುವುದು ಹತ್ತು ವರ್ಷ ದಾಟಿದ ಹುಡುಗನಿಗೆ, ಒಟ್ಟಿಗೇ ಇರಬೇಕೆನ್ನುವ ಮೂವರು ಒಡಹುಟ್ಟಿದವರಿಗೆ, ನಡೆಯಲಾಗದ ಮಗುವಿಗೆ. ಇವರಿಗಾಗಿ ಕೆಲಸ ಮಾಡುವವರ ದಾರಿಯೇ ಬೇರೆ. ಷಿಕಾಗೋದ ಕ್ಯಾಥೊಲಿಕ್ ಪಾದ್ರಿ ಜಾರ್ಜ್ ಕ್ಲೆಮೆಂಟ್ಸ್ 1980ರಲ್ಲಿ ‘ಒಂದು ಚರ್ಚು, ಒಂದು ಮಗು’ ಎಂಬ ಯೋಜನೆ ಆರಂಭಿಸಿದರು. ಯಾರಿಗೂ ಬೇಡವಾಗಿ ಉಳಿದಿದ್ದ ಕಪ್ಪು ಜನಾಂಗದ ಮಕ್ಕಳಲ್ಲಿ ಒಬ್ಬರನ್ನಾದರೂ ಪ್ರತಿ ಚರ್ಚಿನ ಒಂದು ಕುಟುಂಬ ದತ್ತು ಪಡೆಯಲಿ ಎಂಬುದು ಅವರ ಕೋರಿಕೆ. ಮುಂದಿನ ವರ್ಷ, ಬ್ರಹ್ಮಚಾರಿ ಪಾದ್ರಿಗೆ ಇದೆಲ್ಲ ಏಕೆ ಎಂಬ ಮೇಲಿನವರ ಆಕ್ಷೇಪವನ್ನು ಲೆಕ್ಕಿಸದೆ ತಾವೇ ಒಬ್ಬ ಹದಿಹರೆಯದ ಹುಡುಗನನ್ನು ದತ್ತು ಪಡೆದರು. ಆಮೇಲೆ ಇನ್ನೂ ಮೂವರನ್ನು. ಉಪದೇಶ ಮಾಡಿದವನೇ ಅದನ್ನು ಪಾಲಿಸಿದ್ದು ಅಪರೂಪವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಇನ್ನೊಬ್ಬರು ಅಮೆರಿಕದ ಹೋಟೆಲ್ ಉದ್ಯಮಿ ಡೇವ್ ಥಾಮಸ್. ಸ್ವತಃ ದತ್ತು ಮಗು, ಆ ವಿಷಯ ಅವರಿಗೆ ತಿಳಿದದ್ದೇ ಹದಿಮೂರನೆಯ ವಯಸ್ಸಿನಲ್ಲಿ. 1992ರಲ್ಲಿ ಅವರು ಕಟ್ಟಿದ ಪ್ರತಿಷ್ಠಾನ, ಅವರ ಮರಣದ ನಂತರ 2004ರಲ್ಲಿ ಆರಂಭಿಸಿದ ಕಾರ್ಯಕ್ರಮವೊಂದು ನನಗೆ ಬಹಳ ಮೆಚ್ಚುಗೆಯದು. ಅಲ್ಲಿ ಒಬ್ಬ ಕಾರ್ಯಕರ್ತರ ಪಾಲಿಗೆ ಕೆಲವೇ ಮಕ್ಕಳು. ಮೊದಲ ಕೆಲಸ ಆ ಮಗುವಿನ ಹಳೆಯ ದಾಖಲೆಗಳನ್ನು ಕೂತು ಓದುವುದು. ಆಟ ಕಲಿಸಿದ ಮೇಷ್ಟ್ರು, ಹಿಂದಿನ ನೆರೆಮನೆಯವರು, ಸಂಪರ್ಕ ತಪ್ಪಿದ ಅತ್ತೆ, ಹೀಗೆ ಮಗುವನ್ನು ಈಗಾಗಲೇ ಬಲ್ಲವರನ್ನು ಒಬ್ಬೊಬ್ಬರಾಗಿ ಹುಡುಕಿ ಮಾತನಾಡಿಸುವುದು. ಆಗಲೇ ಅಪರಿಚಿತರತ್ತ ನೋಡುವುದು. ಐದು ವರ್ಷಗಳ ಮೌಲ್ಯಮಾಪನದ ವರದಿ 2011ರಲ್ಲಿ ಬಂತು: ಹೀಗೆ ನೋಡಿಕೊಂಡ ಮಕ್ಕಳು ದತ್ತು ಹೋಗುವ ಸಾಧ್ಯತೆ ಮೂರು ಪಟ್ಟಿನವರೆಗೂ ಹೆಚ್ಚಿತ್ತು. ‘ಹದಿನೈದರ ಹುಡುಗನನ್ನು ಯಾರು ಕರೆದುಕೊಂಡು ಹೋಗುತ್ತಾರೆ’ ಎನ್ನುವವರು ಈ ವರದಿಯನ್ನೊಮ್ಮೆ ಓದಬೇಕು.

ಲೆಕ್ಕಕ್ಕೇ ಬಾರದವರು ಇನ್ನೂ ಇದ್ದಾರೆ. ದತ್ತು ಆಗುವವರೆಗೆ ಮಗುವನ್ನು ತಮ್ಮ ಮನೆಯಲ್ಲಿಟ್ಟುಕೊಂಡು, ಹಗಲೂ ರಾತ್ರಿ ಎತ್ತಿ ಆಡಿಸಿ, ಒಂದು ದಿನ ಬೇರೆಯವರ ತೋಳಿಗೆ ಒಪ್ಪಿಸುವ ತಾತ್ಕಾಲಿಕ ಪೋಷಕರು. ದುಡ್ಡು, ಶಿಫಾರಸು ಎರಡೂ ಇದ್ದ ದಂಪತಿಗೆ ‘ನಿಮ್ಮ ಮನೆ ಈ ಮಗುವಿಗೆ ಹೊಂದುವುದಿಲ್ಲ’ ಎಂದು ಬರೆದು ಸಹಿ ಹಾಕಿದ ಅಧಿಕಾರಿ. ಸ್ವಲ್ಪ ನೆರವು ಸಿಕ್ಕರೆ ಹೆತ್ತ ತಾಯಿಯೇ ಸಾಕಬಲ್ಲಳು ಎಂದು ಕಂಡುಕೊಂಡು, ಆ ನೆರವು ಕೊಡಿಸಿ, ಮಗುವನ್ನು ಅವಳ ಬಳಿಯೇ ಉಳಿಸಿದ ಕಾರ್ಯಕರ್ತೆ. ಈಕೆಯ ಹೆಸರಿನ ಮುಂದೆ ಅಂಕಿಯೇ ಇರುವುದಿಲ್ಲ, ದತ್ತು ನಡೆಯಲೇ ಇಲ್ಲವಲ್ಲ! ಆದರೆ ದೇಶದಿಂದ ದೇಶಕ್ಕೆ ನಡೆಯುವ ದತ್ತು ಕುರಿತ 1993ರ ಹೇಗ್ ಒಪ್ಪಂದ ಹೇಳುವುದು ಇದೇ ಕ್ರಮವನ್ನು: ಮೊದಲು ಹುಟ್ಟಿದ ಕುಟುಂಬ, ಅದಾಗದಿದ್ದರೆ ತನ್ನದೇ ದೇಶದಲ್ಲಿ ಒಂದು ಕುಟುಂಬ, ಕೊನೆಗೆ ಹೊರದೇಶ. ದತ್ತು ಆದಮೇಲೆ ಎರಡನೆಯ ವರ್ಷ ಮಗು ಬಾಗಿಲು ಒದೆಯತೊಡಗಿದಾಗ, ‘ವಾಪಸು ಕರೆದುಕೊಂಡು ಹೋಗಿ’ ಎಂಬ ಮಾತು ತುದಿನಾಲಿಗೆಗೆ ಬಂದಾಗ, ರಾತ್ರಿ ಫೋನ್ ಎತ್ತುವವರಿಗೂ ಫಲಕವಿಲ್ಲ.

ಸಮಾರಂಭದ ಬಗ್ಗೆಯೂ ಒಂದು ಮಾತು. ಫಲಾನುಭವಿ ಎಂದು ಕರೆದು ಮಗುವನ್ನು ವೇದಿಕೆಗೆ ಹತ್ತಿಸುವುದನ್ನು ದಯವಿಟ್ಟು ನಿಲ್ಲಿಸಿ. ಆ ಮಗು ಯಾರ ಸಾಧನೆಯ ಪುರಾವೆಯೂ ಅಲ್ಲ. ಕೃತಜ್ಞತೆಯ ನಾಲ್ಕು ಸಾಲು ಬಾಯಿಪಾಠ ಮಾಡಿಸಿ ಹೇಳಿಸುವುದಂತೂ ಹಿಂಸೆ. ಮಕ್ಕಳನ್ನು ತೋರಿಸಲೇಬೇಕಾದಾಗಲೂ ಮಾನದಿಂದ ತೋರಿಸಬಹುದು. 2001ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದಲ್ಲಿ ಆರಂಭವಾದ ‘ಹಾರ್ಟ್ ಗ್ಯಾಲರಿ’ ಎಂಬ ಪ್ರದರ್ಶನದಲ್ಲಿ, ದತ್ತು ಹೋಗಲು ಕಾಯುತ್ತಿದ್ದ ಮಕ್ಕಳ ಚಿತ್ರಗಳನ್ನು ನುರಿತ ಛಾಯಾಗ್ರಾಹಕರಿಂದ ತೆಗೆಸಿದರು. ಅಪರಾಧಿಗಳ ಪಟ್ಟಿಯಂತೆ ಕಾಣುತ್ತಿದ್ದ ಕಡತದ ಚಿತ್ರಗಳ ಜಾಗದಲ್ಲಿ ನಗು, ಹಟ, ಸಂಕೋಚ ಎಲ್ಲವೂ ಇದ್ದ ಮುಖಗಳು ಬಂದವು. ಮಗುವಿನ ಮುಖವನ್ನು ಹೀಗೆ ಎಲ್ಲರೆದುರು ಇಡುವುದು ಸರಿಯೇ ಎಂಬ ಅಳುಕು ಇದರ ಬಗ್ಗೆಯೂ ನನಗಿದೆ. ಆದರೂ ವೇದಿಕೆಯ ಬಾಯಿಪಾಠಕ್ಕಿಂತ ಇದು ಎಷ್ಟೋ ವಾಸಿ.

ಪ್ರಶಸ್ತಿ ಕೊಡುವ ಸಂಸ್ಥೆಗಳಿಗೆ ನನ್ನ ಸಲಹೆ ಇಷ್ಟೇ. ಆಯ್ಕೆ ಸಮಿತಿಯಲ್ಲಿ ಅರ್ಧದಷ್ಟು ಜನ ದತ್ತು ಮಕ್ಕಳಾಗಿ ಬೆಳೆದು ದೊಡ್ಡವರಾದವರೇ ಇರಲಿ. ಅರ್ಜಿ ನಮೂನೆಯಲ್ಲಿ ‘ಒಟ್ಟು ಎಷ್ಟು ದತ್ತು’ ಎಂಬ ಕಲಂ ತೆಗೆದುಹಾಕಿ. ಅದರ ಬದಲು ಕೇಳಿ: ಐದು ವರ್ಷದ ನಂತರ ಎಷ್ಟು ಮಕ್ಕಳು ಅದೇ ಮನೆಯಲ್ಲಿದ್ದಾರೆ? ಒಡಹುಟ್ಟಿದವರನ್ನು ಎಷ್ಟು ಸಲ ಬೇರ್ಪಡಿಸಿದಿರಿ? ತನ್ನ ಕಡತ ನೋಡಬೇಕೆಂದು ದೊಡ್ಡವನಾದ ಮಗು ಬಂದಾಗ ಅದನ್ನು ಕೊಡಲು ಎಷ್ಟು ದಿನ ತೆಗೆದುಕೊಂಡಿರಿ? ಈ ಪ್ರಶ್ನೆಗಳಿಗೆ ಉತ್ತರ ಬರೆಯಬಲ್ಲವರು ಯಾವುದಾದರೂ ವರ್ಷ ಸಿಗಲಿಲ್ಲವೆಂದರೆ ಆ ವರ್ಷ ಪ್ರಶಸ್ತಿ ಕೊಡದಿದ್ದರೂ ನಡೆಯುತ್ತದೆ. ಆ ಹಣದಲ್ಲಿ ಕಡತ ಬರೆಯುವವರ ಕಚೇರಿಗೆ ಇನ್ನೊಬ್ಬ ಸಿಬ್ಬಂದಿಯನ್ನು ಕೊಡಿ.