ಏರ್ ಇದೆ ಸಾರ್

ಹಳೇ ಕಾರಿಗೆ ಡಿಸ್ಕ್ ಬ್ರೇಕ್ ಹಾಕಿಸಿ ಎಂದು ಸಲಹೆ ಕೊಟ್ಟವರು ಯಾರೂ ಈಗ ನನ್ನ ಫೋನ್ ಎತ್ತುತ್ತಿಲ್ಲ. ಎತ್ತಿದ ಒಬ್ಬ ಮಹಾಶಯ "ಓ, ಇನ್ನೂ ಸರಿ ಹೋಗಿಲ್ವಾ?" ಎಂದು ಕೇಳಿ, ಮೀಟಿಂಗ್ ಇದೆ ಅಂತ ಇಟ್ಟುಬಿಟ್ಟ. ಭಾನುವಾರ ಬೆಳಿಗ್ಗೆ ಅದೆಂಥ ಮೀಟಿಂಗೋ ಆ ಚಾಮುಂಡಿಗೇ ಗೊತ್ತು.

ಕಾರು ಪ್ರೀಮಿಯರ್ ಪದ್ಮಿನಿ, ಅಪ್ಪನದು. ಇಟಲಿಯ ಫಿಯಟ್ 1100 ಮುಂಬೈಗೆ ಬಂದು, 1970ರ ದಶಕದಲ್ಲಿ ಪದ್ಮಿನಿ ಅಂತ ಹೆಸರಿಟ್ಟುಕೊಂಡಿತು. 1089 ಸಿಸಿ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರ್, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಪಾಪ, ಡ್ರಮ್ಮಿನದೇನೂ ತಪ್ಪಿರಲಿಲ್ಲ. ಮುಂದೆ ಹೋಗುವ ಸ್ಕೂಟರಿನವರು ಫೋನ್ ಬಂತು ಅಂತ ನಡುರಸ್ತೆಯಲ್ಲೇ ನಿಂತುಬಿಡುವ ಕಾಲ ಬಂತು, ಅಷ್ಟೇ. ಅದಕ್ಕೇ ಮುಂದಿನ ಎರಡು ಚಕ್ರಕ್ಕೆ ಡಿಸ್ಕ್ ಹಾಕಿಸೋಣ ಅಂತ ಆಯಿತು.

ಹಾಕಿಸಿದ ದಿನ ಪೆಡಲ್ ಒತ್ತಿದರೆ ಬಿಸಿ ಇಡ್ಲಿ ಮೇಲೆ ಕಾಲಿಟ್ಟ ಹಾಗಿತ್ತು. ಒಳಕ್ಕೆ ಹೋಗುತ್ತೆ, ಹೋಗುತ್ತೆ, ಹೋಗುತ್ತಲೇ ಇರುತ್ತೆ. ಕಾರು ಮಾತ್ರ ತನ್ನ ಪಾಡಿಗೆ ತಾನು ಹೋಗುತ್ತಿರುತ್ತೆ.

"ಏರ್ ಇದೆ ಸಾರ್," ಅಂದರು ನಮ್ಮ ಮೇಸ್ತ್ರಿ. ಅಂದರೆ ಬ್ರೇಕ್ ಆಯಿಲ್ ಓಡುವ ಪೈಪಿನಲ್ಲಿ ಗಾಳಿ ಸೇರಿದೆ, ಕಾಲಿನ ಬಲವೆಲ್ಲ ಆ ಗಾಳಿಯನ್ನು ಅಮುಕುವುದಕ್ಕೇ ಹೋಗುತ್ತೆ.

ಈ ಮೇಸ್ತ್ರಿಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಒಳ್ಳೆಯವರು. ಕೈ ಚೆನ್ನಾಗಿದೆ. ಆದರೆ ಪ್ರಪಂಚದ ಸಕಲ ಬ್ರೇಕ್ ಕಾಯಿಲೆಗೂ ಅವರ ಹತ್ತಿರ ಇರುವುದು ಒಂದೇ ಮದ್ದು. ಪೆಡಲ್ ಮೆತ್ತಗಿದೆಯಾ? ಏರ್ ತೆಗಿಯೋಣ. ಗಟ್ಟಿಯಾಯ್ತಾ? ಏರ್ ತೆಗಿಯೋಣ. ಕಾರು ಎಡಕ್ಕೆ ಎಳೆಯುತ್ತಾ? ಯಾವುದಕ್ಕೂ ಇನ್ನೊಂದ್ಸಲ ಏರ್ ತೆಗೆದುಬಿಡೋಣ ಸಾರ್. ಒಂದು ದಿನ ಹಾರ್ನ್ ಸರಿಯಾಗಿ ಬರುತ್ತಿಲ್ಲ ಅಂದೆ. ಅವರ ಕಣ್ಣು ತಂತಾನೇ ಬ್ರೇಕ್ ಆಯಿಲ್ ಡಬ್ಬದ ಕಡೆ ಹೋಯಿತು.

ಏರ್ ತೆಗೆಯುವುದು ಇಬ್ಬರ ಕೆಲಸ. ಒಬ್ಬರು ಕಾರಿನ ಕೆಳಗೆ ಸ್ಪ್ಯಾನರ್ ಹಿಡಿದು ಮಲಗಬೇಕು, ಇನ್ನೊಬ್ಬರು ಒಳಗೆ ಕೂತು ಪೆಡಲ್ ತುಳಿಯಬೇಕು. ಅವರ ಹುಡುಗ ಪ್ರತಿ ಸಲವೂ ಅದೇ ಹೊತ್ತಿಗೆ ಟೀ ತರಲು ಹೋಗಿರುತ್ತಾನೆ. ಹಾಗಾಗಿ ದುಡ್ಡು ಕೊಡುವ ನಾನೇ ತುಳಿಯುವ ಕೂಲಿ.

ಕೆಳಗಿನಿಂದ ಅಶರೀರವಾಣಿ ಬರುತ್ತದೆ. "ಒತ್ತಿ... ಒತ್ತಿ... ಒತ್ತಿ... ಹಿಡ್ಕೊಳ್ಳಿ!" ಹಿಡಿದುಕೊಳ್ಳುತ್ತೇನೆ. ಗಾಳಿ ಹೊರಬಿಡುವ ಪುಟ್ಟ ತಿರುಪು, ಅದೇ ನಿಪ್ಪಲ್, ಸಡಿಲ ಮಾಡುತ್ತಾರೆ, ಪೆಡಲ್ ನೆಲಕ್ಕೆ ಇಳಿಯುತ್ತದೆ. ಅವರು ನಿಪ್ಪಲ್ ಬಿಗಿ ಮಾಡುವವರೆಗೂ ಕಾಲು ಎತ್ತುವ ಹಾಗಿಲ್ಲ, ಎತ್ತಿದರೆ ಹೊರಗಿನ ಗಾಳಿ ಮತ್ತೆ ಒಳಗೆ. ಸರಿಯಾಗಿ ಆಗಲೇ ಅವರ ಫೋನ್ ರಿಂಗ್ ಆಗಬೇಕೆ? "ಹಿಡ್ಕೊಂಡಿರಿ ಸಾರ್," ಅಂದು, ಮಲಗಿದಲ್ಲೇ ಮಾತು ಶುರು. ತಂಗಿ ಮಗಳ ಮದುವೆಗೆ ಟಿಟಿ ಬೇಕಂತೆ. ಎಸಿ ಬೇಕಾ, ನಾನ್ ಎಸಿ ಸಾಕಾ? ಡ್ರೈವರ್ ಭತ್ಯೆ ಸೇರಿಸಿ ಎಷ್ಟು? ಗಂಡಿನ ಕಡೆಯವರಿಗೂ ನಾವೇ ಗಾಡಿ ಮಾಡಬೇಕಾ? ನನ್ನ ಬಲಗಾಲಿನ ಮೀನಖಂಡ ನಡುಗಲು ಶುರುವಾದರೂ ಆ ಕಡೆ ಬೀಗರು ಬಗ್ಗುತ್ತಿಲ್ಲ. ಕೊನೆಗೆ ಫೋನ್ ಇಟ್ಟು, ನಿಪ್ಪಲ್ ಬಿಗಿ ಮಾಡಿ, ಎದ್ದು ಬಂದು ಪೆಡಲ್ಲನ್ನು ಕೈಯಲ್ಲಿ ಒತ್ತಿ ನೋಡುತ್ತಾರೆ.

"ಇನ್ನೂ ಏರ್ ಇದೆ ಸಾರ್. ನೀವು ಕಾಲು ಬಿಟ್ಟಿರ್ತೀರಾ."

ನಾನು ಬಿಟ್ಟಿರಲಿಲ್ಲ. ಬೇಕಾದರೆ ಈಗಲೂ ಕರ್ಪೂರ ಹಚ್ಚಿ ಹೇಳುತ್ತೇನೆ.

ಹೀಗೆ ವಾರಗಟ್ಟಲೆ ನಡೆಯಿತು. ದೂರದ ಚಕ್ರದಿಂದ ಶುರು, ಅಂದರೆ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ನಮ್ಮ ಬೀದಿಯವರು ಶನಿಮಹಾತ್ಮನಿಗೆ ಹಾಕುವ ಪ್ರದಕ್ಷಿಣೆಗೂ ಇಷ್ಟು ಶಿಸ್ತಿಲ್ಲ. ಡಬ್ಬಗಟ್ಟಲೆ ಬ್ರೇಕ್ ಆಯಿಲ್ ಖರ್ಚಾಯಿತು. ಅದರಲ್ಲಿ ಸ್ವಲ್ಪ ಮಡ್‌ಗಾರ್ಡ್ ಮೇಲೆ ಚೆಲ್ಲಿತು. ಬ್ರೇಕ್ ಆಯಿಲ್ ಬಿದ್ದರೆ ಪೇಂಟ್ ಉಳಿಯುವುದಿಲ್ಲ. ಬಣ್ಣ ಗುಳ್ಳೆ ಎದ್ದು ಸಿಪ್ಪೆ ಬಂತು. "ಪೇಂಟ್ ತಾನೇ ಸಾರ್, ಮತ್ತೆ ಹೊಡೆಸಬಹುದು," ಅಂದರು ಮೇಸ್ತ್ರಿ.

ಒಂದು ಸಂಜೆ ಚಕ್ರ ಬಿಚ್ಚಿಟ್ಟು ಅವರು ಟೀಗೆ ಹೋದಾಗ, ಸುಮ್ನೆ ಕುಕ್ಕರಗಾಲಲ್ಲಿ ಕೂತು ಕ್ಯಾಲಿಪರ್, ಅಂದರೆ ಪ್ಯಾಡುಗಳಿಂದ ಡಿಸ್ಕನ್ನು ಎರಡೂ ಕಡೆ ಅಮುಕಿ ಹಿಡಿಯುವ ಭಾಗ, ನೋಡುತ್ತಿದ್ದೆ. ಏರ್ ತೆಗೆಯುವ ನಿಪ್ಪಲ್ ಕೆಳಗಡೆ ಇತ್ತು. ಆ ಕಡೆ ಹೋಗಿ ನೋಡಿದೆ. ಅಲ್ಲೂ ಕೆಳಗಡೆ. ಗಾಳಿ ಮೇಲಕ್ಕೆ ಹೋಗುತ್ತೆ, ಆಯಿಲ್ ಕೆಳಗಿರುತ್ತೆ. ಇದು ಐದನೇ ಕ್ಲಾಸಿನ ವಿಜ್ಞಾನ ಅಲ್ವಾ? ಎಡಗಡೆ ಕ್ಯಾಲಿಪರ್ ಬಲಕ್ಕೆ, ಬಲಗಡೆಯದು ಎಡಕ್ಕೆ ಕೂತಿತ್ತು. ಬೋಲ್ಟುಗಳಿಗೇನು, ಎರಡು ಕಡೆಗೂ ಸಲೀಸಾಗಿ ಕೂರುತ್ತವೆ. ನಾವಿಬ್ಬರೂ ಸೇರಿ ಅಷ್ಟು ದಿನ ಒಳ್ಳೇ ಆಯಿಲನ್ನು ಕೆಳಗಿನಿಂದ ಹೊರಕ್ಕೆ ಬಿಟ್ಟು, ಗಾಳಿಯನ್ನು ಮೇಲ್ಗಡೆ ಜೋಪಾನವಾಗಿ ಕಾಪಾಡಿದ್ದೆವು.

ಮೇಸ್ತ್ರಿ ಬಂದ ಮೇಲೆ ತೋರಿಸಿದೆ. ಟಾರ್ಚ್ ಬಿಟ್ಟು ನೋಡಿದರು. ಟೀ ಗುಟುಕರಿಸಿದರು. ಆ ಮುಖದಲ್ಲಿ ನಾಚಿಕೆ ಹುಡುಕಿದವನಿಗೆ ಸಿಕ್ಕಿದ್ದು ಗೆಲುವಿನ ನಗು.

"ನೋಡಿದ್ರಾ? ನಾನು ಮೊದಲ ದಿನವೇ ಹೇಳ್ಲಿಲ್ವಾ ಸಾರ್, ಏರ್ ಇದೆ ಅಂತ!"

ಇದಕ್ಕೆ ಏನು ಉತ್ತರ ಕೊಡಬೇಕು? ಅವರು ಹೇಳಿದ್ದು ನಿಜವೇ ತಾನೇ.

ಅದಲು ಬದಲು ಮಾಡಿ ಮತ್ತೆ ಏರ್ ತೆಗೆದಾಗ ಪೆಡಲ್ ಗಟ್ಟಿಯಾಯಿತು. ಖುಷಿಯಿಂದ ರಿಂಗ್ ರೋಡಿಗೆ ಹೋದರೆ, ಸ್ವಲ್ಪ ದೂರಕ್ಕೇ ಕಾರು ಭಾರವಾಗಿ, ಮುಂದಿನ ಚಕ್ರದಿಂದ ಸುಟ್ಟ ವಾಸನೆ. ಡ್ರಮ್ ಕಾರುಗಳಲ್ಲಿ ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಮಾಸ್ಟರ್ ಸಿಲಿಂಡರಿನಲ್ಲಿ ಸಾಮಾನ್ಯವಾಗಿ ಒಂದು ಪುಟ್ಟ ವಾಲ್ವ್ ಇರುತ್ತದೆ. ಕಾಲು ತೆಗೆದ ಮೇಲೂ ಪೈಪಿನಲ್ಲಿ ಒಂದಿಷ್ಟು ಒತ್ತಡ, ಸುಮಾರು 10 ಪಿಎಸ್‌ಐ, ಉಳಿಸಿಕೊಳ್ಳುವುದು ಅದರ ಕೆಲಸ. ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ ಶೂಗಳನ್ನು ಹಿಂದಕ್ಕೆಳೆಯಲು ಸ್ಪ್ರಿಂಗ್ ಇದೆ, ಅದಕ್ಕೆ ಏನೂ ಆಗಲ್ಲ. ಡಿಸ್ಕ್ ಪ್ಯಾಡಿಗೆ ಅಂಥ ಸ್ಪ್ರಿಂಗ್ ಇಲ್ಲ, ಅದು ಉಜ್ಜುತ್ತಲೇ ಇರುತ್ತೆ. ವಾಲ್ವ್ ತೆಗೆಸಿದ್ದಾಯಿತು. ಪೈಪ್ ಬಿಚ್ಚಿದ ಮೇಲೆ ಏರ್ ತೆಗೆಯಲೇಬೇಕು. ಈ ಸಲ ನ್ಯಾಯ ಮೇಸ್ತ್ರಿಯ ಕಡೆಗಿತ್ತು. ಅದರ ಖುಷಿ ಅವರ ಧ್ವನಿಯಲ್ಲೂ ಕೇಳುತ್ತಿತ್ತು.

ಅಪ್ಪ ಇದೇ ಕಾರನ್ನು ಬರೀ ಡ್ರಮ್ಮಿನಲ್ಲಿ ಎಷ್ಟು ವರ್ಷ ಓಡಿಸಿದರು! ಚಾಮುಂಡಿ ಬೆಟ್ಟ ಇಳಿಯುವಾಗ ಸೆಕೆಂಡ್ ಗೇರಿಗೆ ಹಾಕಿದರೆ ಮುಗಿಯಿತು, ಬ್ರೇಕನ್ನು ಆಗೊಮ್ಮೆ ಈಗೊಮ್ಮೆ ಮುಟ್ಟುತ್ತಿದ್ದರು ಅಷ್ಟೇ. ನೀರು ನಿಂತ ಕಡೆ ದಾಟಿದ ಮೇಲೆ ಪೆಡಲ್ ಮೇಲೆ ಮೆಲ್ಲಗೆ ಕಾಲಿಟ್ಟು, ಡ್ರಮ್ ಒಣಗಿಸಿಕೊಂಡು ಮುಂದೆ ಹೋಗುತ್ತಿದ್ದರು. ಹಿಂದಿನ ಸೀಟಿನಲ್ಲಿದ್ದ ನಾವು ಯಾಕೆ ಇಷ್ಟು ನಿಧಾನ ಅಂತ ಗೊಣಗುತ್ತಿದ್ದೆವು. ಮುಂಬೈಯಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು ಅಂತ ಓದಿದ ದಿನ, ಕೆಳಗೆ ಹೋಗಿ ಕಾರಿಗೆ ಹೊದಿಸಿದ್ದ ಕವರ್ ತೆಗೆದು ಒಂದು ರೌಂಡ್ ಹೊಡೆದು ಬಂದಿದ್ದೆ. ಅವತ್ತು ಡ್ರಮ್ ಬ್ರೇಕೇ ಇತ್ತು. ಚೆನ್ನಾಗೇ ನಿಂತಿತ್ತು.

ಇರಲಿ. ಈಗಿನ ಕಥೆಗೆ ಬರೋಣ. ನಿನ್ನೆ ತುಂತುರು ಮಳೆ. ಸರ್ಕಲ್ಲಿನಲ್ಲಿ ಬ್ರೇಕ್ ಒತ್ತಿದೆ. ಹಿಂದಿನ ಚಕ್ರ ಎರಡೂ ಲಾಕ್ ಆಗಿ, ಕಾರಿನ ಹಿಂಭಾಗ ತಾನೇ ಮುಂದೆ ಹೋಗಲು ಹೊರಟಿತು. ಓರೆಯಾಗಿ ನಿಂತೆವು. ಹಿಂದಿದ್ದ ಸಿಟಿ ಬಸ್ಸಿನ ಡ್ರೈವರ್ ತಲೆ ಹೊರಗೆ ಹಾಕಿ, "ಏನ್ ಸ್ವಾಮಿ, ಫೋಟೋ ತೆಗೆಸ್ಕೊಳ್ತಿದ್ದೀರಾ?" ಎಂದು ಕೇಳಿದ.

ಕಾರಣ ಕಷ್ಟದ್ದೇನಲ್ಲ. ಡ್ರಮ್ಮಿನ ಶೂ ಒಂದು ಸಲ ಅಂಟಿದರೆ ಸಾಕು, ತಿರುಗುವ ಡ್ರಮ್ಮೇ ಅದನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಳ್ಳುತ್ತೆ. ಡಿಸ್ಕಿಗೆ ಆ ಸೌಕರ್ಯ ಇಲ್ಲ, ಕಾಲಿನ ಬಲ ಎಷ್ಟೋ ಹಿಡಿತ ಅಷ್ಟೇ. ಹಾಗಾಗಿ ಜೋರಾಗಿ ಒತ್ತುತ್ತೇವೆ. ಆ ಒತ್ತಡ ಹಿಂದಿನ ಡ್ರಮ್ಮಿಗೂ ಹೋಗುತ್ತೆ. ಬ್ರೇಕ್ ಹಾಕಿದಾಗ ಕಾರಿನ ಭಾರವೆಲ್ಲ ಮುಂದಕ್ಕೆ ವಾಲಿ ಹಿಂಭಾಗ ಹಗುರ ಆಗಿರುತ್ತೆ. ಇನ್ನೇನು, ಲಾಕ್. ಹಿಂದಿನ ಪೈಪಿಗೆ ಒತ್ತಡ ಕಡಿಮೆ ಮಾಡುವ, ತಿರುಗಿಸುವ ನಾಬ್ ಇರುವ ಒಂದು ವಾಲ್ವ್ ಹಾಕಬೇಕು. ಆರ್ಡರ್ ಮಾಡಿದ್ದೇನೆ. ಬರುತ್ತಿದೆ, ಬರುತ್ತಲೇ ಇದೆ.

ಅಲ್ಲಿವರೆಗೆ ಮೇಸ್ತ್ರಿ ಒಂದು ಉಪಾಯ ಹೇಳಿದರು. "ಹಿಂದೆ ಭಾರ ಇದ್ರೆ ಲಾಕ್ ಆಗಲ್ಲ ಸಾರ್. ಯಾರನ್ನಾದ್ರೂ ಕೂರಿಸ್ಕೊಂಡು ಓಡಾಡಿ." ಸರ್ಕಲ್ಲಿನ ಸುದ್ದಿ ಕೇಳಿದ ಮೇಲೆ ನಮ್ಮ ಮನೆಯಲ್ಲಿ ಯಾರೂ ಆ ಸೀಟಿಗೆ ತಯಾರಿಲ್ಲ. ಕೊನೆಗೆ 25 ಕೆಜಿಯ ಎರಡು ಸೋನಾ ಮಸೂರಿ ಮೂಟೆ ತಂದು ಡಿಕ್ಕಿಗೆ ಹಾಕಿದೆ. ಮೇಸ್ತ್ರಿಯ ಮಾತು ಸುಳ್ಳಲ್ಲ, ಲಾಕ್ ಆಗುವುದು ಗೊತ್ತಾಗುವಷ್ಟು ಕಮ್ಮಿಯಾಯಿತು.

ಈಗ ತಾನೇ ಹೆಂಡತಿ ಬಂದು, ಮನೆಯಲ್ಲಿ ಅಕ್ಕಿ ಮುಗಿದಿದೆ, ಕಾರಿನಿಂದ ಒಂದು ಮೂಟೆ ಇಳಿಸಿ ಅಂದಳು. ಇಳಿಸುತ್ತೇನೆ, ಆದರೆ ಅಷ್ಟೇ ತೂಕದ ಗೋಧಿ ತರುವವರೆಗೆ ಮಳೆಯಲ್ಲಿ ಕಾರು ತೆಗೆಯಲ್ಲ ಅಂದೆ. ಅವಳು ನನ್ನನ್ನು ಸ್ವಲ್ಪ ಹೊತ್ತು ನೋಡಿ, ಹೋಟೆಲಿನಿಂದ ಎರಡು ಪಾರ್ಸೆಲ್ ಊಟ ಆರ್ಡರ್ ಮಾಡಿದಳು.