ಅರಗು ನಮ್ಮದು, ಅಂಟಿಸುವ ಕ್ರಮ ಅವರದು

ನಮ್ಮ ಕಡೆ ರಿಪೇರಿಯಾದ ಇಂಕ್ ಪೆನ್ ಕಂಡರೆ ಇಲ್ಲಿನ, ಅಂದರೆ ಇಂಗ್ಲೆಂಡಿನ, ಹಳೇ ಪೆನ್ನು ಸಂಗ್ರಾಹಕರು ಮೂಗು ಮುರಿಯುತ್ತಾರೆ. ಅದರಲ್ಲಿ ಅರ್ಧ ಬರೀ ಬಿಂಕ. ಉಳಿದರ್ಧಕ್ಕೆ ಕಾರಣವಿದೆ: ಸೂಪರ್ ಗ್ಲೂ.

ಕಾನ್ವೇ ಸ್ಟೂವರ್ಟ್, ಎಸ್ಟರ್‌ಬ್ರೂಕ್ ತರಹದ ಕಂಪನಿಗಳ ಲಿವರ್ ಪೆನ್ನುಗಳ, ಅಂದರೆ ಪಕ್ಕದ ಸಣ್ಣ ಸನ್ನೆ ಎತ್ತಿ ಇಂಕು ಹೀರಿಸುವ ಪೆನ್ನುಗಳ, ಹೊಟ್ಟೆಯಲ್ಲಿ ಇಂಕು ಹಿಡಿಯುವ ರಬ್ಬರ್ ಚೀಲವಿರುತ್ತದೆ. ದಶಕಗಳು ಕಳೆದಂತೆ ಅದು ಹಪ್ಪಳದಂತೆ ಗಟ್ಟಿಯಾಗಿ ಚೂರುಚೂರಾಗುತ್ತದೆ. ಹೊಸ ಚೀಲ ಸಿಗದಿದ್ದಾಗ ನಮ್ಮವರು ಲಿವರ್ ಕಿತ್ತು, ಸೀಳಿಗೆ ಗ್ಲೂ ಮೆತ್ತಿ, ಫಿಲ್ಲರ್‌ನಿಂದ ನೇರ ಇಂಕು ತುಂಬುವ ಪೆನ್ನು ಮಾಡಿಬಿಡುವುದುಂಟು. ಬರೆಯುವುದೇನೋ ಬರೆಯುತ್ತದೆ. ಆದರೆ ಚೀಲವನ್ನು ಒತ್ತಲೆಂದು ಇದ್ದು ಒಳಗೇ ಉಳಿದ ಲೋಹದ ಪಟ್ಟಿ ಇಂಕಿನಲ್ಲಿ ನೆನೆದು ತುಕ್ಕು ಹಿಡಿಯುತ್ತದೆ. ಆಮೇಲೆ ಬಿಚ್ಚಲು ಹೋದರೆ ಗ್ಲೂ ಜಗ್ಗುವುದಿಲ್ಲ, ಪೆನ್ನಿನ ಕೊಳವೆಯಾದ ಬ್ಯಾರೆಲ್ಲೇ ಸೀಳುತ್ತದೆ.

ಇಲ್ಲಿನವರು ಬಳಸುವುದು ಶೆಲ್ಯಾಕ್. ಜಾರ್ಖಂಡಿನ ಮರಗಳ ಮೇಲೆ ಕೀಟಗಳು ಕೊಡುವ ಅರಗೇ ಅದರ ಮೂಲ. ಚನ್ನಪಟ್ಟಣದ ಬೊಂಬೆಗೆ ಮೆರುಗು ಕೊಡುವುದೂ ಅರಗೇ. ಬಿಸಿ ತಾಗಿದರೆ ಅದು ಮೆದುವಾಗುತ್ತದೆ. ಇಂದು ಅಂಟಿಸಿದ್ದನ್ನು ಮುಂದೆ ಯಾರಾದರೂ ಬಿಚ್ಚಬಹುದು. ಇದೊಂದನ್ನು ಅವರಿಂದ ನಾವು ಕಲಿಯಲೇಬೇಕು.

ಕೆಲಸ ಕಷ್ಟದ್ದಲ್ಲ, ಆತುರ ಕೂಡದು ಅಷ್ಟೆ. ನಿಬ್ಬಿನ ಭಾಗ ಬ್ಯಾರೆಲ್ಲಿಗೆ ಸೇರುವ ಜಾಗಕ್ಕೆ ಹೇರ್ ಡ್ರೈಯರ್ ಹಿಡಿದು, ಪೆನ್ನನ್ನು ತಿರುಗಿಸುತ್ತಾ, 60–65 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ. ಅದಕ್ಕಿಂತ ಹೆಚ್ಚಾದರೆ ಹಳೇ ಪೆನ್ನುಗಳ ಪ್ಲಾಸ್ಟಿಕ್ಕಾದ ಸೆಲ್ಯುಲಾಯ್ಡ್ ಸೊಟ್ಟಗಾಗುತ್ತದೆ, ಬೆಂಕಿ ತಾಗಿದರಂತೂ ಭಗ್ಗನೆ ಉರಿಯುತ್ತದೆ. ಇಕ್ಕಳ ಬೇಡ, ರಬ್ಬರ್ ತುಂಡು ಹಿಡಿದು ಕೈಯಲ್ಲೇ ಅಲ್ಲಾಡಿಸಿ ಎಳೆಯಿರಿ. ಹಳೆಯ ಚೂರುಗಳನ್ನೆಲ್ಲ ಕೆರೆದು ತೆಗೆಯಿರಿ. ಚೀಲದ ನಂಬರು ಅದರ ಅಡ್ಡಳತೆ, ಇಂಚಿನ 64ನೇ ಭಾಗಗಳಲ್ಲಿ: 16 ಎಂದರೆ ಕಾಲಿಂಚು. ಎಸ್ಟರ್‌ಬ್ರೂಕ್ ಜೆ ಪೆನ್ನಿಗೆ ಹೊಂದುವುದು ಅದೇ. ದಪ್ಪ ಚೀಲ ತುರುಕಿದರೆ ಲಿವರ್ ಮಟ್ಟವಾಗಿ ಕೂರುವುದಿಲ್ಲ. ಉದ್ದ ಹೆಚ್ಚಾದರೆ ತುದಿ ಮಡಚಿಕೊಂಡು ಅರ್ಧವೇ ತುಂಬುತ್ತದೆ. ನಿಬ್ಬಿನ ಭಾಗದ ಹಿಂತುದಿಗೆ ಶೆಲ್ಯಾಕ್ ತೆಳುವಾಗಿ ಸವರಿ, ಚೀಲದ ಬಾಯಿ ಕೂರಿಸಿ, ಒಂದು ರಾತ್ರಿ ಒಣಗಲು ಬಿಟ್ಟು, ಚೀಲಕ್ಕೆ ಸುವಾಸನೆಯಿಲ್ಲದ ಟಾಲ್ಕ್ ಸವರಿ ಜೋಡಿಸಿ. ವ್ಯಾಸಲೀನ್ ಮಾತ್ರ ಬೇಡ, ರಬ್ಬರನ್ನು ಕೊಳೆಸುತ್ತದೆ. ಸ್ಪಿರಿಟ್‌ನಿಂದ ಒರೆಸಲೂಬೇಡಿ, ಸೆಲ್ಯುಲಾಯ್ಡ್ ಹಾಳಾಗುತ್ತದೆ.

ನೀರಿನಲ್ಲಿ ನೆನೆಹಾಕುವ ಚಟವೂ ಅಪಾಯದ್ದೇ. ಹಳೆಯ ಕಾನ್ವೇ ಸ್ಟೂವರ್ಟ್‌ಗಳಲ್ಲಿ ಕೆಲವು ಹಾಲಿನ ಪ್ರೋಟೀನಾದ ಕೇಸೀನ್‌ನಿಂದ ಆದವು. ನೀರು ಕುಡಿದು ಊದಿಕೊಳ್ಳುತ್ತವೆ. ಕರಿ ಎಬೊನೈಟ್, ಅಂದರೆ ಗಟ್ಟಿ ರಬ್ಬರ್, ಬಿಸಿನೀರಿಗೆ ಬಿದ್ದರೆ ಕಂದಾಗುತ್ತದೆ.

ಆದರೆ ಇಷ್ಟೆಲ್ಲ ಶ್ರದ್ಧೆಯಿಂದ ರಿಪೇರಿ ಮಾಡಿದ ಪೆನ್ನನ್ನು ಇಲ್ಲಿ ಎಷ್ಟೋ ಜನ ಟ್ರೇನಲ್ಲಿಟ್ಟು ಬೀಗ ಹಾಕುತ್ತಾರೆ. ನಿಬ್ಬು ಬದಲಾದರೆ ಬೆಲೆ ಇಳಿಯುತ್ತದೆಂದು ಕೆರೆಯುವ ನಿಬ್ಬನ್ನೇ ಪೂಜಿಸುತ್ತಾರೆ. ಇಲ್ಲಿ ನನ್ನ ವೋಟು ನಮ್ಮವರಿಗೆ. ರಾಜಮಂಡ್ರಿಯಲ್ಲಿ 1930ರ ದಶಕದಿಂದಲೂ ಲೇತ್‌ನಲ್ಲಿ ಕಡೆದು ಮಾಡುವ ಎಬೊನೈಟ್ ಪೆನ್ನುಗಳಲ್ಲಿ ಕೆಡಲು ಚೀಲವೂ ಇಲ್ಲ, ಲಿವರೂ ಇಲ್ಲ. ಇಂಕು ತಡೆದು ತಡೆದು ಬಂದರೆ ನಿಬ್ಬಿನ ಅಡಿಯಲ್ಲಿದ್ದು ಇಂಕು ಹರಿಸುವ ಎಬೊನೈಟ್ ಫೀಡನ್ನಷ್ಟೇ ಕುದಿಯುವ ಮುಂಚಿನ ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿ, ನಿಬ್ಬಿಗೆ ಒತ್ತಿಹಿಡಿದು ತಣ್ಣಗಾಗಿಸಿದರೆ ಸಂದು ಮುಚ್ಚಿ ಹರಿವು ಸರಿಯಾಗುತ್ತದೆ. ಇಂಥ ಬದಲಾವಣೆಯನ್ನು ಅಪಚಾರ ಎನ್ನುವುದು ನನಗೆ ಒಪ್ಪಿಗೆಯಿಲ್ಲ.

ಫಿಲ್ಲರ್ ಪೆನ್ನಿನ ತಿರುಪಿನ ಸುತ್ತುಗಳಿಗೆ ಸಿಲಿಕೋನ್ ಗ್ರೀಸ್ ಹಚ್ಚಿದರೆ ಸೋರುವುದಿಲ್ಲ. ಇಂಕು ಮೂರನೇ ಒಂದು ಭಾಗಕ್ಕೆ ಇಳಿದಾಗ ಕೈಯ ಬಿಸಿಗೆ ಒಳಗಿನ ಗಾಳಿ ಹಿಗ್ಗಿ ತೊಟ್ಟಿಕ್ಕಿಸುತ್ತದೆ, ಅಷ್ಟರೊಳಗೆ ತುಂಬಿಸಿಕೊಳ್ಳಿ. ಊರಿಗೆ ಹೋಗಿಬರುವ ನಮ್ಮಂಥವರಿಗೆ ವಿಮಾನದಲ್ಲೂ ಇದೇ ಪಾಡು: ಒತ್ತಡ ಇಳಿದಾಗ ಗಾಳಿ ಹಿಗ್ಗುತ್ತದೆ. ಪೆನ್ನು ಕಂಠಪೂರ್ತಿ ತುಂಬಿರಲಿ ಇಲ್ಲವೇ ಪೂರಾ ಖಾಲಿ ಇರಲಿ, ನಿಬ್ಬು ಮೇಲ್ಮುಖವಾಗಿರಲಿ.