ಕತ್ತಿಯ ಮೇಣ ತೆಗೆದದ್ದು ನಾನು

ಲಾಕ್‌ಡೌನ್‌ನಲ್ಲಿ ಗಂಡಸರು ಅಡುಗೆಮನೆಗೆ ಬಂದರು, ಗಂಡ ಹೆಂಡತಿ ಸಮಾನರಾದರು ಅಂತ ನಿಮ್ಮ ಪತ್ರಿಕೆಯ ಲೇಖನದಲ್ಲಿದೆ. ಮೊದಲ ಮಾತು ಒಪ್ಪುತ್ತೇನೆ, ಎರಡನೆಯದು ಒಪ್ಪಲಾರೆ. ನಮ್ಮದು ಕೇರಳದ ಮಂಜೇಶ್ವರದ ಹತ್ತಿರ. 2020ರ ಮಾರ್ಚ್‌ನಲ್ಲಿ ಕರ್ನಾಟಕಕ್ಕೆ ಹೋಗುವ ತಲಪಾಡಿ ಗಡಿ ಮುಚ್ಚಿತು, ಒಳದಾರಿಗಳಿಗೂ ಮಣ್ಣು ಸುರಿದರು. ಮಂಗಳೂರಿಗೆ ಕೆಲಸಕ್ಕೆ ಹೋಗುತ್ತಿದ್ದ ನನ್ನ ಗಂಡ ಮನೆಯಲ್ಲೇ ಉಳಿದರು. ನನ್ನ ಬೀಡಿ ಕೆಲಸವೂ ನಿಂತಿತು, ಎಲೆ, ಹೊಗೆಸೊಪ್ಪು ಬರಲಿಲ್ಲ. ಸಂಪಾದನೆ ಇಬ್ಬರಿಗೂ ಇಲ್ಲ. ಆದರೆ ರಜೆ ಸಿಕ್ಕಿದ್ದು ಅವರಿಗೆ ಮಾತ್ರ. ಹಲಸಿನಕಾಯಿ ಪಲ್ಯ ಅವರು ಚೆನ್ನಾಗಿಯೇ ಮಾಡುತ್ತಿದ್ದರು, ಅದು ನನಗೆ ಖುಷಿಯೇ. ಆದರೆ ಕಾಯಿ ಕೊಯ್ದು, ಸೊಳೆ ಬಿಡಿಸಿ, ಆಮೇಲೆ ಕತ್ತಿಗೆ ಹಿಡಿದ ಮೇಣವನ್ನು ತೆಂಗಿನೆಣ್ಣೆ ಹಚ್ಚಿ ತಿಕ್ಕುತ್ತಾ ಕೂತವಳು ನಾನು. ಅತ್ತೆಯ ಮಾತ್ರೆ, ಮಗಳ ಫೋನ್ ಪಾಠ, ರೇಷನ್, ಎಲ್ಲದರ ನೆನಪೂ ನನ್ನ ತಲೆಯಲ್ಲೇ. ಕೇಂದ್ರ ಸರಕಾರದ 2019ರ ಸಮೀಕ್ಷೆಯಲ್ಲೇ ಇದೆ ನೋಡಿ: ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಇಷ್ಟು ದೊಡ್ಡ ಅಂತರ ಕೆಲವು ತಿಂಗಳ ಅಡುಗೆಯಿಂದ ಹೋಗುತ್ತದಾ? ಗಡಿ ತೆರೆಯಿತು, ಅವರು ಕೆಲಸಕ್ಕೆ ಹೋದರು, ಪಲ್ಯವೂ ನಿಂತಿತು. ಮುಂದಿನ ಸಲ ಬೀಡಿ ಕಟ್ಟುವ ಹೆಂಗಸರನ್ನೂ ಮಾತಾಡಿಸಿ ಬರೆಯಿರಿ. ನಮ್ಮ ಕಡೆ ಬಂದರೆ ನಾನೇ ನಾಲ್ಕು ಮನೆಗೆ ಕರೆದುಕೊಂಡು ಹೋಗುತ್ತೇನೆ.